ಕೋಲು ಬರದಿದ್ದರೂ

ಕಂಡಿಯ ಈಚೆಯ ಮನೆಯಿಂದ
ಸೆಪ್ಟೆಂಬರ್ ೩

ಗಿಣಿ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನನ್ನ ಮೀನಿನ ಕೋಲು ಎಲ್ಲಿ ಹೇಳು.

ಆಗಸ್ಟ್ ಕೊನೆಯಲ್ಲಿ ಇಲ್ಲಿಗೆ ಒಬ್ಬ ಫೋಟೋಗ್ರಾಫರ್ ಬಂದಿದ್ದ. ಕುತ್ತಿಗೆಯಲ್ಲಿ ಎರಡು ಕ್ಯಾಮೆರಾ, ಬಾಯಲ್ಲಿ ಬರೀ ತನ್ನದೇ ಪುರಾಣ. ಕೆಳಗಿನ ಊರುಗಳನ್ನೆಲ್ಲ ದಾಟಿ ದಿನಗಟ್ಟಲೆ ನಡೆದು ಬಂದ ಕಾಲಿನ ತುಂಬ ಬೊಬ್ಬೆ. ಆದರೂ ಕೂರುವ ಬದಲು ನನ್ನ ಒಲೆಯ ಫೋಟೋ ತೆಗೆದದ್ದೇ ತೆಗೆದದ್ದು. ಬೆಳಿಗ್ಗೆ ಅವನ ಕೈಗೆ ಊರಿಕೊಂಡು ನಡೆಯಲು ಮೀನಿನ ಗುರುತಿನ ಕೋಲು ಕೊಟ್ಟು, ಎಲ್ಲರಿಗೂ ಹೇಳುವ ಹಾಗೆಯೇ ಹೇಳಿದೆ. "ಬೆಟ್ಟದ ಮೇಲಿನ ಕಂಡಿ ದಾಟಿ ಇಳಿದ ಮೇಲೆ ಮೊದಲು ಸಿಗೋ ಮನೆಯಲ್ಲಿ ಇದನ್ನ ಕೊಟ್ಬಿಡಿ. ಅಲ್ಲಿರೋದು ನನ್ನ ನಾದಿನಿ. ಕೊಡದೆ ಹೋದ್ರೆ ನೀವು ಬೆಟ್ಟದಲ್ಲೇ ಇದ್ದೀರಿ ಅಂದ್ಕೊಂಡು ಹುಡುಕ್ಕೊಂಡು ಬರ್ತೀವಿ" ಅಂದೆ. ಅವನು ತಲೆ ಆಡಿಸಿದ.

ಆಮೇಲೆ ನಿನ್ನ ಕಡೆಯಿಂದ ಎರಡು ಗುಂಪು ಬಂದವು. ಹಕ್ಕಿಯ ಕೋಲು ಬಂತು, ಬೀಗದ ಕೋಲು ಬಂತು. ಮೀನು ಬರಲಿಲ್ಲ. ಬಂದವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ನಿಮ್ಮಣ್ಣ ಊಟದ ತಟ್ಟೆ ಪಕ್ಕಕ್ಕಿಟ್ಟು ಎದ್ದೇಬಿಟ್ಟರು. ಆಲಿಕಲ್ಲು ಬೀಳುವಾಗ ಕಂಡಿಯ ಮೇಲಿನ ಕಲ್ಲುಗುಡ್ಡೆಯವರೆಗೆ ಹೋಗಿ, ಬಂಡೆ ಬಂಡೆಯ ಹಿಂದೆ ಇಣುಕಿ, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಮಾರನೆಯ ದಿನ ಬಂದರು. ಈಗ ಕೆಮ್ಮು. ಇವತ್ತೂ ಹೊರಗೆ ಹೋಗಿ ಬೆಟ್ಟದ ಕಡೆಗೇ ನೋಡಿಕೊಂಡು ನಿಲ್ಲುತ್ತಾರೆ.

ನಿನಗೆ ನಾನು ಪಾಠ ಹೇಳಬೇಕೇನೇ? ನಿಮ್ಮಪ್ಪ ಈ ಮನೆಯಿಂದ ಆ ಮನೆಗೆ ಅಂತ ಹೊರಟವರು. ಇಲ್ಲಿಯವರು ತಲುಪಿದ್ದಾರೆ ಅಂದುಕೊಂಡರು, ಅಲ್ಲಿಯವರು ಇನ್ನೂ ಹೊರಟೇ ಇಲ್ಲ ಅಂದುಕೊಂಡರು. ಎರಡೂ ಕಡೆ ಜನ ನಿಶ್ಚಿಂತೆಯಾಗಿ ಚಹಾ ಕುಡಿಯುತ್ತಿದ್ದಾಗ ಅವರು ನಡುವೆ ಕಾಲು ಮುರಿದುಕೊಂಡು ಬಿದ್ದಿದ್ದರು. ಸಿಕ್ಕಾಗ ತಡವಾಗಿತ್ತು. ಆ ಚಳಿಗಾಲವೆಲ್ಲ ನಿಮ್ಮಮ್ಮ ಒಲೆಯ ಮುಂದೆ ಕೂತು, ಕಾದ ಕಬ್ಬಿಣದಿಂದ ಒಂದೊಂದು ಕೋಲಿಗೆ ಒಂದೊಂದು ಗುರುತು ಸುಟ್ಟರು. ಇಲ್ಲಿಂದ ಹೋದ ಕೋಲು ಅಲ್ಲಿಂದ ಬರುವವರ ಕೈಯಲ್ಲಿ ವಾಪಸ್ ಬರಬೇಕು. ಬಂದರೆ ಹೋದವರು ತಲುಪಿದರು ಅಂತ ಅರ್ಥ. ಬರದಿದ್ದರೆ ಹುಡುಕಲು ಹೊರಡಬೇಕು. ಇಷ್ಟೇ ತಾನೇ? ಫೋನ್ ಹತ್ತದ ಜಾಗದಲ್ಲಿ ಇಷ್ಟನ್ನೂ ಮಾಡಲಾಗದಿದ್ದರೆ ಹೇಗೆ?

ಈ ಪತ್ರ ತರುತ್ತಿರುವವರು ಹಲ್ಲಿನ ಡಾಕ್ಟರು. ಒಳ್ಳೆಯವರು, ಆದರೆ ಮಾತಾಡುವಾಗ ಎದುರಿನವರ ಕಣ್ಣು ನೋಡುವುದಿಲ್ಲ, ಹಲ್ಲು ನೋಡುತ್ತಾರೆ. ಅವರ ಕೈಯಲ್ಲಿರುವುದು ಕತ್ತರಿಯ ಕೋಲು. ಮೀನು, ಕತ್ತರಿ ಎರಡೂ ನನಗೆ ಬೇಕು. ಬರಲಿಲ್ಲವೋ, ನಾನೇ ಬಂದು ನಿನ್ನ ಜುಟ್ಟು ಹಿಡಿಯುತ್ತೇನೆ.

ನಿನ್ನ ಅತ್ತಿಗೆ


ಕಂಡಿಯ ಆಚೆಯ ಮನೆಯಿಂದ
ಸೆಪ್ಟೆಂಬರ್ ೮

ಅತ್ತಿಗೆ,

ಅಬ್ಬಬ್ಬಾ, ಒಂದು ಕೋಲಿಗೆ ಇಷ್ಟೊಂದು ಕೋಪವಾ! ಡಾಕ್ಟರು ಪತ್ರ ಕೈಗೆ ಕೊಡುವಾಗಲೇ "ಅಮ್ಮಾ, ಬರೆಯೋವಾಗ ಅವರು ಪೆನ್ನನ್ನ ಕಾಗದಕ್ಕೆ ಚುಚ್ತಾ ಇದ್ರು" ಅಂದರು. ನನಗೆ ಆಗಲೇ ಗೊತ್ತಾಯಿತು.

ನಿಮ್ಮ ಫೋಟೋಗ್ರಾಫರ್ ಸುಖವಾಗಿ ಬಂದ, ಎರಡು ದಿನ ಉಂಡ, ಮಲಗಿದ, ಜೀಪು ಹತ್ತಿ ಹೋದ. ಕೋಲು ಎಲ್ಲೋ ಕೈತಪ್ಪಿದೆ. ಇಲ್ಲಿ ಈಗ ಮೊದಲಿನ ಹಾಗಲ್ಲ ಅತ್ತಿಗೆ. ಜೀಪಿನ ದಾರಿ ನಮ್ಮ ಬಾಗಿಲಿಗೇ ಬಂದ ಮೇಲೆ ಪೇಟೆಯ ಟ್ರೆಕ್ಕಿಂಗ್ ಕಂಪನಿಯವರು ಮನೆ ಪೂರ್ತಿ ವಹಿಸಿಕೊಂಡಿದ್ದಾರೆ. ಬಿಸಿನೀರಿನ ನಲ್ಲಿ ಬಂದಿದೆ, ಬಾಗಿಲಿಗೆ ನಂಬರ್ ಬಂದಿದೆ, ಬೆಂಚಿದ್ದ ಜಾಗಕ್ಕೆ ಗಾಜಿನ ಬೀರು ಬಂದಿದೆ. ಮ್ಯಾನೇಜರ್ ಅಂತ ಒಬ್ಬ ಇದ್ದಾನೆ. ನಮ್ಮ ಯಜಮಾನರು, ನಿಮ್ಮ ಮನೆ ಅಳಿಯಂದಿರು, ಬೆಳಗಿನಿಂದ ಸಂಜೆಯವರೆಗೆ ಅವನ ಹಿಂದೆಯೇ. ಅವನು ಕೆಮ್ಮಿದರೆ ಇವರು ನೀರು ತರುತ್ತಾರೆ. ಅಡುಗೆಮನೆ ಒಂದು ಮಾತ್ರ ನನ್ನ ಪಾಲಿಗೆ ಉಳಿದಿದೆ. ಅಮ್ಮ ನನ್ನ ಮದುವೆಯಲ್ಲಿ ಕೊಟ್ಟ ಚಂದ್ರನ ಕೋಲು ಅಲ್ಲೇ ಒಲೆಯ ಮೇಲಿನ ಗೂಟದಲ್ಲಿ ಇದೆ. ಅದನ್ನು ಮಾತ್ರ ಯಾರಿಗೂ ಮುಟ್ಟಲು ಬಿಟ್ಟಿಲ್ಲ.

ಹಾಂ, ಒಂದು ಮಾತು. ಇನ್ನಷ್ಟು ಕೋಲು ಮಾಡಿಸಿ ಕಳಿಸುತ್ತೀರಾ? ಅಮ್ಮ ಸುಟ್ಟ ಹಾಗೆಯೇ ಗುರುತು ಇರಲಿ. ಇಲ್ಲಿ ಬರುವವರಿಗೆಲ್ಲ ಅದೆಂದರೆ ತುಂಬ ಇಷ್ಟ. ಅಮ್ಮನ ಕಥೆ ಕೇಳಿ ಕಣ್ಣೀರು ಹಾಕುತ್ತಾರೆ.

ಅಣ್ಣನ ಕೆಮ್ಮಿಗೆ ಮಾತ್ರೆ ಕಳಿಸಿದ್ದೇನೆ. ಕತ್ತರಿಯ ಕೋಲು ಇದರ ಜೊತೆಗೇ ಬರುತ್ತಿದೆ. ನೋಡಿ, ಕಳಿಸಿದ್ದೇನಲ್ಲ!

ನಿಮ್ಮ ಗಿಣಿ


ಕಂಡಿಯ ಈಚೆಯ ಮನೆಯಿಂದ
ಸೆಪ್ಟೆಂಬರ್ ೧೪

ಗಿಣಿ,

ಕತ್ತರಿಯ ಕೋಲು ಬಂತು. ಮಾತ್ರೆಯೂ ಬಂತು. ಹೋದ ಪತ್ರದಲ್ಲಿ ಸ್ವಲ್ಪ ಹೆಚ್ಚೇ ಬೈದೆನೇನೋ. ಬೈಸಿಕೊಂಡದ್ದೂ ಒಳ್ಳೆಯದೇ ಆಯಿತು ಬಿಡು.

ಇನ್ನಷ್ಟು ಕೋಲು ಬೇಕು ಅಂತ ನೀನು ಬರೆದ ಸಾಲನ್ನು ನಿಮ್ಮಣ್ಣನಿಗೆ ಓದಿ ಹೇಳಿದೆ. ಅವರು ಕೂತಲ್ಲಿಂದ ಎದ್ದರು. ಕೊಡಲಿ ತೆಗೆದುಕೊಂಡು ಹೊರಗೆ ಹೋದರು. ಸಂಜೆಗೆ ಒಂದು ಹೊರೆ ಗಟ್ಟಿ ಕೋಲು ಅಂಗಳದಲ್ಲಿ. "ನೋಡಿದ್ಯಾ, ಅಮ್ಮನ ಕೆಲಸ ಗಿಣಿ ಮುಂದುವರಿಸ್ತಾಳೆ. ನಾವು ಸುಮ್ಮನೆ ಅನುಮಾನ ಪಟ್ವಿ" ಅಂದರು. ಅವರ ಮುಖದಲ್ಲಿ ಅಂಥ ನಗು ನೋಡಿ ಎಷ್ಟು ದಿನವಾಗಿತ್ತೋ. ಅವರು ಸಿಪ್ಪೆ ಕೆತ್ತಿ ಕೊಟ್ಟರು, ನಾನು ಕಬ್ಬಿಣ ಕಾಯಿಸಿ ಗುರುತು ಸುಟ್ಟೆ. ಕೆಟಲು, ಚಪ್ಪಲಿ, ಕೊಡೆ, ಬೆಕ್ಕು. ಬೆಕ್ಕು ಅಂತ ನಾನು ಹೇಳಿದರೆ ಮಾತ್ರ ಗೊತ್ತಾಗುತ್ತದೆ, ಇಲ್ಲದಿದ್ದರೆ ಆಲೂಗಡ್ಡೆ. ಹೆಬ್ಬೆರಳು ಸುಟ್ಟುಕೊಂಡೆ, ಆದರೂ ಖುಷಿ. ಈ ಪತ್ರ ತರುವ ಗುಂಪಿನವರ ಕೈಯಲ್ಲಿ ಅವನ್ನೆಲ್ಲ ಕೊಟ್ಟು ಕಳಿಸಿದ್ದೇನೆ. ನಿನ್ನ ಹತ್ತಿರ ದಾಸ್ತಾನು ಇರಲಿ.

ಒಂದೇ ಒಂದು ಕೊರಗು. ಬಾಚಣಿಗೆಯ ಕೋಲು ಬಂದಿಲ್ಲ. ಅದು ಮಂಡಿ ನೋವಿನ ಟೀಚರ್ ಒಬ್ಬರ ಕೈಯಲ್ಲಿ ಹೋದದ್ದು. ಒಬ್ಬರೇ ಬಂದಿದ್ದರು. ಕೆಲಸದಿಂದ ನಿವೃತ್ತಿಯಾದ ಮಾರನೆಯ ದಿನವೇ ಬೂಟು ಕೊಂಡು ಹೊರಟರಂತೆ. ಪ್ರತಿ ಊರಲ್ಲೂ ನಿಂತು ನಿಂತು, ಪ್ರತಿ ಸೇತುವೆಯ ಮೇಲೂ ಹೆದರಿ ಹೆದರಿ, ಆದರೂ ಇಲ್ಲಿಯವರೆಗೆ ಬಂದೇಬಿಟ್ಟರು. ಅವರು ಹೋದ ಮೇಲೆ ನಿನ್ನ ಕಡೆಯಿಂದ ಒಂದು ಗುಂಪು ಬಂತು. ಎಲ್ಲರ ಕೈಯಲ್ಲೂ ಕಂಪನಿಯ ಲೋಹದ ಕೋಲು, ಜೊತೆಗೆ ನಿನ್ನ ಕತ್ತರಿ ಒಂದು. ಬಾಚಣಿಗೆ ಇಲ್ಲ.

ನಾನು ನಿಮ್ಮಣ್ಣನನ್ನು ಎರಡು ದಿನ ತಡೆದೆ. ಕೆಮ್ಮು ಇನ್ನೂ ಪೂರ್ತಿ ಹೋಗಿಲ್ಲ. "ಗಿಣಿ ಈಗ ಹುಷಾರಾಗಿದ್ದಾಳೆ, ಈ ಸಲ ಕೋಲು ಬಂದಿಲ್ಲ ಅಂದ್ರೆ ಟೀಚರ್ ನಿಜವಾಗ್ಲೂ ತಲುಪಿಲ್ಲ" ಅನ್ನುತ್ತಾರೆ. ನಾಳೆ ಬೆಳಿಗ್ಗೆಯವರೆಗೆ ನೋಡಿ ಹೊರಡುತ್ತಾರಂತೆ. ಬೇಗ ಬರಿ.

ಅತ್ತಿಗೆ


ಕಂಡಿಯ ಆಚೆಯ ಮನೆಯಿಂದ
ಸೆಪ್ಟೆಂಬರ್ ೨೧

ಅತ್ತಿಗೆ,

ಕೋಲುಗಳು ಬಂದವು. ಎಷ್ಟು ಚೆನ್ನಾಗಿವೆ! ಬೆಕ್ಕನ್ನು ನೋಡಿ ಎಲ್ಲರೂ ಕರಡಿ ಅಂದರು, ನಾನು ತಿದ್ದಲಿಲ್ಲ. ಮ್ಯಾನೇಜರ್ ಅಂತೂ ಒಂದೊಂದನ್ನೂ ಕಿಟಕಿಯ ಹತ್ತಿರ ಹಿಡಿದು ನೋಡಿದ.

ಟೀಚರ್ ಯಾವಾಗಲೋ ಬಂದರು. ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮೂರು ದಿನ ನಮ್ಮ ಅಡುಗೆಮನೆಯಲ್ಲೇ ಕೂತಿದ್ದರು. ಈಗ ಅವರ ಊರು ಸೇರಿರುತ್ತಾರೆ. ನೀವು ಸುಮ್ಮನೆ ತಲೆ ಕೆಡಿಸಿಕೊಂಡಿರಿ.

ನನಗೆ ಒಂದು ಯೋಚನೆ ಬಂದಿದೆ. ಇಲ್ಲಿ ಜನ ಜಾಸ್ತಿ, ಒಂದೊಂದು ಕೋಲನ್ನು ಹಿಂದೆ ಕಳಿಸುವುದು ಆಗುವುದಿಲ್ಲ. ಅದಕ್ಕೆ ಇನ್ನುಮುಂದೆ ಹೀಗೆ ಮಾಡೋಣ: ಕೋಲು ಬರದಿದ್ದರೂ ಬಂದರು ಅಂತಲೇ ತಿಳಿದುಕೊಳ್ಳಿ. ಏನಾದರೂ ಹೆಚ್ಚುಕಡಿಮೆ ಆದರೆ ನಾನೇ ತಿಳಿಸುತ್ತೇನೆ. ಆಗ ನಿಮಗೂ ನೆಮ್ಮದಿ, ಅಣ್ಣನಿಗೂ ಓಡಾಟ ತಪ್ಪುತ್ತದೆ.

ಅಣ್ಣ ಹೇಗಿದ್ದಾರೆ? ನಿಮ್ಮ ಕಡೆಯಿಂದ ಬಂದವರನ್ನು ಕೇಳಿದರೆ "ಮಲಗಿದ್ರು" ಅನ್ನುತ್ತಾರೆ. ಹಗಲು ಹೊತ್ತು ಮಲಗುವವರಲ್ಲವಲ್ಲ? ನೀವೂ ಒಂದು ಸಾಲು ಬರೆದು ಕಳಿಸಿಲ್ಲ. ಕೋಪವೇ?

ಗಿಣಿ


ಕಂಡಿಯ ಈಚೆಯ ಮನೆಯಿಂದ
ಸೆಪ್ಟೆಂಬರ್ ೨೮

ಕಂಡಿಯ ಆಚೆಯ ಮನೆಯ ಯಜಮಾನಿಯವರಿಗೆ,

ನೀವು ಕೇಳಿದ ಮೀನಿನ ಕೋಲು ಸಿಕ್ಕಿದೆ. ಅಲ್ಲ, ಕೇಳಿದ್ದು ನಾನು. ನೀವು ಕೈತಪ್ಪಿದೆ ಅಂದಿರಿ.

ಮೊನ್ನೆ ಆ ಫೋಟೋಗ್ರಾಫರ್ ಮತ್ತೆ ಬಂದ. ಕೆಳಗಿನಿಂದ ಅದೇ ದಾರಿ ಹತ್ತಿ, ಈ ಸಲ ಇಬ್ಬರು ಸ್ನೇಹಿತರನ್ನು ಕಟ್ಟಿಕೊಂಡು. ಯಾರಿಗೋಸ್ಕರ ಆಲಿಕಲ್ಲಿನಲ್ಲಿ ನಿಮ್ಮಣ್ಣ ಕೂಗಿ ಕೂಗಿ ಗಂಟಲು ಹರಿದುಕೊಂಡರೋ ಆ ಮನುಷ್ಯ ನನ್ನ ಬಾಗಿಲಲ್ಲಿ ಹಲ್ಲು ಕಿರಿಯುತ್ತ ನಿಂತಿದ್ದ. ಕೈಯಲ್ಲಿ ಮೀನಿನ ಕೋಲು. ಮೊದಲು ನಾನು ಗುರುತು ಹಿಡಿಯಲಿಲ್ಲ. ಫಳಫಳ ವಾರ್ನಿಷ್! ಹಿಡಿಯ ಕೆಳಗೆ ಹಿತ್ತಾಳೆ ಬಿಲ್ಲೆ! ಬಿಲ್ಲೆಯ ಮೇಲೆ ಕಂಪನಿಯ ಹೆಸರು! "ಇದು ನನಗೆ ಸಿಕ್ಕ ಬಹುಮಾನ ಕಣ್ರೀ. ಇನ್ಮೇಲೆ ಕಂಡಿ ದಾಟಿದೋರಿಗೆಲ್ಲ ಕೊಡ್ತಾರಂತೆ. ಆ ಮನೆಯಮ್ಮ ತಾವೇ ಕೈಯಾರೆ ಕೊಟ್ರು, ಫೋಟೋ ಕೂಡ ಇದೆ" ಅಂದ. ಫೋಟೋ ತೋರಿಸಿದ. ಗಾಜಿನ ಬೀರುವಿನ ಮುಂದೆ ನೀವು. ಬೀರುವಿನೊಳಗೆ ನನ್ನ ಹಕ್ಕಿಯ ಕೋಲು, ಬೀಗದ ಕೋಲು. ನೀವು ನಗುತ್ತಿದ್ದೀರಿ.

ಇದಕ್ಕೇ ತಾನೇ ಇನ್ನಷ್ಟು ಕೋಲು ಕೇಳಿದ್ದು? ಅಮ್ಮನ ಹಾಗೆಯೇ ಗುರುತು ಇರಲಿ ಅಂದದ್ದು ಇದಕ್ಕೇ ತಾನೇ? ನಾವಿಬ್ಬರು ಮುಟ್ಠಾಳರು ಕೂತು ಕೈ ಸುಟ್ಟುಕೊಂಡು ನಿಮ್ಮ ಕಂಪನಿಗೆ ಆಟದ ಸಾಮಾನು ಮಾಡಿ ಕಳಿಸಿದೆವು. ನಿಮ್ಮಮ್ಮನ ಕಥೆ ಕೇಳಿ ಬಂದವರು ಕಣ್ಣೀರು ಹಾಕುತ್ತಾರೆ ಅಂದಿರಲ್ಲ, ಕಥೆ ಹೇಳುವಾಗ ನಿಮಗೆ ನಾಚಿಕೆ ಆಗಲಿಲ್ಲವೇ? ಗಂಡನನ್ನು ಕಳೆದುಕೊಂಡ ಹೆಂಗಸು ಇನ್ನೊಬ್ಬಳಿಗೆ ಆ ಗತಿ ಬರದಿರಲಿ ಅಂತ ಮಾಡಿದ ಕೋಲು ಅದು. ಅದಕ್ಕೆ ಬಿಲ್ಲೆ ಹೊಡೆಸುತ್ತೀರಾ?

ಈಗ ಇನ್ನೊಂದು ವಿಷಯ. ಹದಿನೈದನೆಯ ತಾರೀಕು ನಿಮ್ಮಣ್ಣ ಟೀಚರನ್ನು ಹುಡುಕಿಕೊಂಡು ಹೊರಟರು. ಕಲ್ಲುಗುಡ್ಡೆಯ ಹತ್ತಿರ ಹಿಮ ಸುರಿಯಿತು. ಅವರು ವಾಪಸ್ ಬರಲಿಲ್ಲ, ಯಾಕೆಂದರೆ ಬಾಚಣಿಗೆಯ ಕೋಲು ಸಿಕ್ಕಿರಲಿಲ್ಲ. ಬೂಟು ಒದ್ದೆಯಾಗಿತ್ತು. ಬಂಡೆಯ ಮರೆಯಲ್ಲಿ ರಾತ್ರಿ ಕಳೆದಿದ್ದಾರೆ. ಮಾರನೆಯ ದಿನ ಮಧ್ಯಾಹ್ನ ತೆವಳಿಕೊಂಡು ಬಂದರು. ಎಡಗಾಲಿನ ಎರಡು ಬೆರಳು ಚಳಿಗೆ ಮರಗಟ್ಟಿ ಕಪ್ಪಾಗಿದ್ದವು. ಕೆಳಗಿನ ಊರಿನ ಕಾಂಪೌಂಡರ್ ಬಂದು ತೆಗೆಯಲೇಬೇಕು ಅಂದ, ತೆಗೆದ. ಬಾಯಿಗೆ ಬಟ್ಟೆ ಕಚ್ಚಿಕೊಂಡಿದ್ದರು. ಬಟ್ಟೆ ತೆಗೆದ ಮೇಲೆ ಮೊದಲು ಕೇಳಿದ್ದು ಏನು ಗೊತ್ತೇ? "ಟೀಚರ್ ಸಿಕ್ರಾ?"

ಟೀಚರ್ ಆಗ ನಿಮ್ಮ ಅಡುಗೆಮನೆಯಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ನೀವೇ ಬರೆದಿದ್ದೀರಿ.

ಇದನ್ನು ಆಗಲೇ ಬರೆಯಬೇಕಿತ್ತು. ನಾಲ್ಕಾರು ಗುಂಪು ದಾಟಿ ಹೋದವು. ಗಿಣಿ ಅಳುತ್ತಾಳೆ ಅಂತ ಬರೆಯಲಿಲ್ಲ. ಎಂಥ ದಡ್ಡಿ ನಾನು!

ಕೋಲು ಬರದಿದ್ದರೂ ಬಂದರು ಅಂತ ತಿಳಿದುಕೊಳ್ಳಬೇಕಂತೆ. ಅಲ್ಲಿ ಮನೆಯಲ್ಲಿ ಕೂತು ಹೇಳುವುದು ಸುಲಭ.

ಈಚೆಯ ಮನೆಯವಳು


ಕಂಡಿಯ ಆಚೆಯ ಮನೆಯಿಂದ
ಅಕ್ಟೋಬರ್ ೬

ಅತ್ತಿಗೆ,

ನೀವು ಯಜಮಾನಿಯವರೇ ಅಂದರೂ ನಾನು ಅತ್ತಿಗೆ ಅಂತಲೇ ಅನ್ನುತ್ತೇನೆ.

ನಿಮ್ಮ ಪತ್ರ ಓದಿ ಒಲೆಯ ಮುಂದೆ ಕೂತೆ. ಅತ್ತೆ, ಬೇಕಾದಷ್ಟು ಅತ್ತೆ. ಈಗ ನನಗೆ ಬರುತ್ತಿರುವುದು ಸಿಟ್ಟು, ಅದನ್ನೂ ಕೇಳಿಸಿಕೊಳ್ಳಿ. ಅಣ್ಣನ ಬೆರಳು ಹೋಗಿದೆ ಅಂತ ನನಗೆ ತಿಳಿಸದೆ ಇರಲು ನೀವು ಯಾರು? ಅವರು ನಿಮಗೆ ಗಂಡ ಆಗುವ ಮೊದಲೇ ನನಗೆ ಅಣ್ಣ. ಬಂದ ಪ್ರತಿಯೊಬ್ಬರನ್ನೂ ನಿಲ್ಲಿಸಿ "ನಮ್ಮಣ್ಣ ಹೇಗಿದ್ದಾರೆ" ಅಂತ ಕೇಳಿದೆ. ಒಂದು ಚೂರು ಕಾಗದದಲ್ಲಿ ನಾಲ್ಕು ಅಕ್ಷರ ಗೀಚಿದ್ದರೆ ನಾನು ಅದೇ ದಿನ ಬೀರುವಿನ ಗಾಜು ಒಡೆಯುತ್ತಿದ್ದೆ. ನೀವೂ ಮುಚ್ಚಿಟ್ಟಿರಿ, ನಾನೂ ಮುಚ್ಚಿಟ್ಟೆ. ನೀವು ಮುಚ್ಚಿಟ್ಟದ್ದು ಪ್ರೀತಿ, ನಾನು ಮುಚ್ಚಿಟ್ಟದ್ದು ಮೋಸವೋ?

ಹೌದು, ಮೋಸವೇ. ಅನ್ನಿ.

ಮೊದಲನೆಯ ಕೋಲು ಕೊಟ್ಟಾಗ ಮ್ಯಾನೇಜರ್ ಹೇಳಿದ, "ಒಂದೇ ಒಂದು, ಅವರು ದೊಡ್ಡ ಫೋಟೋಗ್ರಾಫರ್, ನಮಗೆ ಹೆಸರು ಬರುತ್ತೆ." ನಿಮ್ಮ ಅಳಿಯಂದಿರು "ಕೊಡೇ, ಒಂದು ಕಟ್ಟಿಗೆ ತುಂಡು ತಾನೇ" ಅಂದರು. ನಾನು ಕೊಟ್ಟೆ. ಫೋಟೋಗೆ ನಗು ಅಂದರು, ನಕ್ಕೆ. ಒಂದು ಕೊಟ್ಟ ಮೇಲೆ ಎರಡನೆಯದಕ್ಕೆ ಬೇಡ ಅನ್ನಲು ಬಾಯಿ ಬರಲಿಲ್ಲ. ಜನ ತಲುಪಿದ್ದು ಕಣ್ಣಾರೆ ನೋಡುತ್ತಿದ್ದೆನಲ್ಲ, ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತಿತ್ತು. ನಾನು ಕಂಡದ್ದು ನಿಮಗೆ ಕಾಣುವುದಿಲ್ಲ ಅನ್ನುವುದೇ ಮರೆತುಹೋಗಿತ್ತು.

ನಿಮ್ಮ ಪತ್ರವನ್ನು ಇವರಿಬ್ಬರ ಮುಂದೆಯೂ ಗಟ್ಟಿಯಾಗಿ ಓದಿದೆ. ಮ್ಯಾನೇಜರ್ "ಪಾಪ" ಅಂದ. ಆಮೇಲೆ, "ಆದ್ರೆ ಹುಡುಕಕ್ಕೆ ಹೋಗು ಅಂತ ಅವರಿಗೆ ಯಾರು ಹೇಳಿದ್ರು?" ಅಂದ. ನಿಮ್ಮ ಅಳಿಯಂದಿರು ನೆಲ ನೋಡಿದರು. ನನ್ನ ಅಣ್ಣನ ಕಾಲಿಗಿಂತ ಅವನ ಮುಖ ದೊಡ್ಡದಾಯಿತು ಇವರಿಗೆ! ಬೀರುವಿನ ಬೀಗದ ಕೈ ಕೊಡಿ ಅಂದೆ. ಕೊಡಲಿಲ್ಲ.

ಅದಕ್ಕೆ ನಾನೇ ಬರುತ್ತಿದ್ದೇನೆ. ಮೋಡ ಸರಿದ ದಿನ ಹೊರಡುತ್ತೇನೆ. ಕೈಯಲ್ಲಿ ಚಂದ್ರನ ಕೋಲು ಇರುತ್ತದೆ. ಅಣ್ಣನನ್ನು ನೋಡಬೇಕು. ನೀವು ಜುಟ್ಟು ಹಿಡಿಯುತ್ತೇನೆ ಅಂದಿದ್ದಿರಿ, ನಿಮ್ಮ ಬಾಗಿಲಿಗೇ ತಂದುಕೊಡುತ್ತೇನೆ, ಹಿಡಿಯಿರಿ.

ಗಿಣಿ


ಕಂಡಿಯ ಆಚೆಯ ಮನೆಯಿಂದ
ಅಕ್ಟೋಬರ್ ೧೭

ಅಕ್ಕಾವ್ರಿಗೆ,

ಗಿಣಿಯ ಗಂಡ ಬರೆಯುತ್ತಿರುವುದು. ನಿಮಗೆ ಇದುವರೆಗೆ ಒಂದು ಪತ್ರವನ್ನೂ ಬರೆದವನಲ್ಲ, ಕ್ಷಮಿಸಿ.

ಇವಳು ಹತ್ತನೆಯ ತಾರೀಕು ಬೆಳಿಗ್ಗೆ ಚಂದ್ರನ ಕೋಲು ಹಿಡಿದು ನಿಮ್ಮ ಮನೆಗೆ ಅಂತ ಹೊರಟಳು. ನಮ್ಮಿಬ್ಬರಿಗೂ ಮಾತಾಗಿತ್ತು, ನಾನು ತಡೆಯಲಿಲ್ಲ. ಆಮೇಲೆ ನಿಮ್ಮ ಕಡೆಯಿಂದ ಎರಡು ಗುಂಪು ಬಂದವು. ಚಂದ್ರನ ಕೋಲು ಬರಲಿಲ್ಲ. ಪತ್ರವೂ ಇಲ್ಲ. ಬಂದವರನ್ನು ಕೇಳಿದೆ. "ಅಡುಗೆಮನೆ ಕಡೆ ನಾವು ಹೋಗ್ಲಿಲ್ಲ, ಯಾರಿದ್ರೋ ಗೊತ್ತಿಲ್ಲ" ಅಂದರು. ಅವಳು ಬಂದಳೋ ಇಲ್ಲವೋ ಅಂತ ನೀವು ಒಂದು ಮಾತು ಹೇಳಿ ಕಳಿಸಬಾರದಿತ್ತೇ?

ಹದಿಮೂರಕ್ಕೆ ಒಮ್ಮೆ ಮೇಲೆ ಹೋದೆ. ಮತ್ತೆ ನಿನ್ನೆ ಹೋದೆ. ಕಲ್ಲುಗುಡ್ಡೆಯ ಹತ್ತಿರ ಮಂಡಿಯವರೆಗೆ ಹಿಮ ಬಿದ್ದಿದೆ. ಹೆಜ್ಜೆ ಗುರುತು ಒಂದೂ ಇಲ್ಲ. ಕಂಡ ಬಂಡೆಯ ಹಿಂದೆಲ್ಲ ನೋಡುವಷ್ಟರಲ್ಲಿ ಕತ್ತಲಾಗುತ್ತದೆ, ನಿಮ್ಮ ಕಡೆಗೆ ಇಳಿಯಲು ಆಗುವುದಿಲ್ಲ. ಕರಿ ಕಲ್ಲು ಕಂಡರೆ ಅವಳ ಶಾಲು ಅನ್ನಿಸುತ್ತದೆ. ಒಮ್ಮೆ ಓಡಿ ಹೋಗಿ ಹಿಡಿದೂ ನೋಡಿದೆ, ಕಲ್ಲೇ. ಮ್ಯಾನೇಜರ್, "ಸುದ್ದಿ ಬಂದಿಲ್ಲ ಅಂದ್ರೆ ಚೆನ್ನಾಗಿದ್ದಾರೆ ಅಂತಲೇ ಅರ್ಥ, ಬನ್ನಿ ಕೂತ್ಕೊಳ್ಳಿ" ಅಂದ. ಅವನ ಕುತ್ತಿಗೆ ಪಟ್ಟಿ ಹಿಡಿದೆ. ಜನ ಬಿಡಿಸಿದರು. ಬೀರುವಿನ ಗಾಜು ನಾನೇ ಒಡೆದೆ.

ನಾಳೆ ಮತ್ತೆ ಹೋಗುತ್ತೇನೆ. ಈ ಸಲ ಅವಳು ಸಿಗುವವರೆಗೆ ಇಳಿಯುವುದಿಲ್ಲ. ಪತ್ರ ತರುವ ಇಬ್ಬರು ಗಟ್ಟಿಗರು, ಬೇಗ ದಾಟುತ್ತಾರೆ. ಇದ್ದರೆ ಇದ್ದಾಳೆ ಅಂತ ಬರೆಯಿರಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ನಿಮ್ಮ ಮನೆಯ ಅಳಿಯ


ಕಂಡಿಯ ಈಚೆಯ ಮನೆಯಿಂದ
ಅಕ್ಟೋಬರ್ ೧೮

ಅಳಿಯಂದಿರಿಗೆ,

ಕೋಲು ಬರದಿದ್ದರೂ ಬಂದಳು ಅಂತಲೇ ತಿಳಿದುಕೊಳ್ಳಿ.

ಈಚೆಯ ಮನೆಯವಳು


ಕಂಡಿಯ ಆಚೆಯ ಮನೆಯಿಂದ
ಅಕ್ಟೋಬರ್ ೨೧

ನನ್ನ ಹೆಂಡತಿಗೂ, ತಂಗಿಗೂ,

ನನಗೆ ಬರೆಯುವ ಅಭ್ಯಾಸವಿಲ್ಲ. ಆದರೆ ಬಾಯಲ್ಲಿ ಹೇಳಲು ಹೋದರೆ ನೀವಿಬ್ಬರೂ ಸೇರಿ ನನ್ನ ಬಾಯಿ ಮುಚ್ಚಿಸುತ್ತೀರಿ. ಅದಕ್ಕೆ ಬರೆಯುತ್ತಿದ್ದೇನೆ.

ನೀವು ಹಿತ್ತಲಲ್ಲಿ ಕಟ್ಟಿಗೆ ಒಟ್ಟುತ್ತ ನಗುತ್ತಿದ್ದಾಗ ಮೇಜಿನ ಮೇಲೆ ಎರಡೂ ಪತ್ರ ನೋಡಿದೆ. ಅಳಿಯ ಬರೆದದ್ದು, ಅದರ ಪಕ್ಕದಲ್ಲಿ ನೀನು ಬರೆದಿಟ್ಟಿದ್ದ ಆ ಒಂದು ಸಾಲು. ಚಂದ್ರನ ಕೋಲನ್ನು ಮೊದಲ ಗುಂಪಿನ ಕೈಯಲ್ಲೇ ಕಳಿಸಿದ್ದೇವೆ ಅಂತ ನೀವಿಬ್ಬರೂ ನನಗೆ ಹೇಳಿದ್ದಿರಿ. ಹುಡುಕಿದೆ. ನಿಮ್ಮ ಹಾಸಿಗೆ ಸುರುಳಿಯೊಳಗೆ ಇತ್ತು. ಹೇಳದೆ ಕೇಳದೆ ಹೊರಟುಬಿಟ್ಟೆ. ಹೇಳಿದ್ದರೆ ಬಿಡುತ್ತಿದ್ದಿರಾ? ಕಾಲಿಗೆ ಬಟ್ಟೆ ಸುತ್ತಿ ದೊಡ್ಡ ಬೂಟು ಹಾಕಿಕೊಂಡೆ. ಏರಿನಲ್ಲಿ ಪರವಾಗಿಲ್ಲ. ಇಳಿಜಾರಿನಲ್ಲಿ ಬೆರಳಿಲ್ಲದೆ ಹಿಡಿತ ಸಿಗುವುದಿಲ್ಲ, ಅಮ್ಮನ ಕೋಲು ಹಿಡಿದು ಇಳಿದೆ.

ಅಳಿಯ ಕಲ್ಲುಗುಡ್ಡೆಯ ಹತ್ತಿರವೇ ಸಿಕ್ಕ. ಕೂಗಲು ದನಿ ಇರಲಿಲ್ಲ, ಬಾಯಿ ಮಾತ್ರ ಆಡುತ್ತಿತ್ತು. ಕೈಯಲ್ಲಿ ಹಿಮ ಕೆದಕುತ್ತಿದ್ದ. ಕೈಚೀಲ ಎಲ್ಲಿ ಬಿತ್ತೋ ಅವನಿಗೇ ಗೊತ್ತಿಲ್ಲ. ನನ್ನ ಕೈಯಲ್ಲಿದ್ದ ಕೋಲು ನೋಡಿ ಅವಳ ಹೆಣದ ಹತ್ತಿರ ಸಿಕ್ಕಿತು ಅಂದುಕೊಂಡ. ಅಲ್ಲೇ ಕುಸಿದು ಬಿದ್ದ. "ಇದ್ದಾಳೆ ಕಣಯ್ಯಾ, ಮನೆಯಲ್ಲಿದ್ದಾಳೆ, ಕಟ್ಟಿಗೆ ಒಡೀತಿದ್ದಾಳೆ" ಅಂತ ಎಷ್ಟು ಸಲ ಹೇಳಿದರೂ ನಂಬಲಿಲ್ಲ. ಹಾಗೇ ಎಳೆದುಕೊಂಡು ಈ ಕಡೆಗೆ ಇಳಿಸಿದೆ, ಇದೇ ಹತ್ತಿರವಾಗಿತ್ತು. ಬಲಗೈ ಬೆರಳ ತುದಿಗಳು ಬೆಳ್ಳಗಾಗಿದ್ದವು. ಉಗುರು ಬೆಚ್ಚಗಿನ ನೀರಿನಲ್ಲಿ ಇಟ್ಟಿದ್ದೇವೆ. ಬಣ್ಣ ತಿರುಗುತ್ತಿದೆ, ಉಳಿಯುತ್ತವೆ ಅನ್ನಿಸುತ್ತದೆ. ಇನ್ನೊಂದು ರಾತ್ರಿ ಅಲ್ಲಿದ್ದಿದ್ದರೆ ಬೆರಳ ಮಾತು ಆಡುವಂತೆಯೇ ಇರಲಿಲ್ಲ.

ಅವನಿಗೆ ಬುದ್ಧಿ ಬರಲಿ ಅಂತ ಮಾಡಿದಿರಿ ಅಲ್ಲವೇ? ಬಂದಿದೆ. ಬೀರು ಪುಡಿಯಾಗಿದೆ, ಉಳಿದ ಕೋಲುಗಳ ಬಿಲ್ಲೆ ಕಿತ್ತಿದ್ದಾನೆ. ಮ್ಯಾನೇಜರ್ ಜೀಪು ಹತ್ತಿ ಪೇಟೆಗೆ ದೂರು ಹೇಳಲು ಹೋಗಿದ್ದಾನೆ, ಹೋಗಲಿ. ಆದರೆ ನನಗೆ ಬಂದಿರುವ ಸಿಟ್ಟು ಅವರಿಬ್ಬರ ಮೇಲಲ್ಲ. ನನ್ನ ಬೆರಳು ಹೋದಾಗಲೂ ಇಷ್ಟು ಸಿಟ್ಟು ಬಂದಿರಲಿಲ್ಲ. ಮ್ಯಾನೇಜರ್‌ಗೆ ಕೋಲು ಅಂದರೆ ಏನು ಅಂತ ಗೊತ್ತಿರಲಿಲ್ಲ. ಅಳಿಯನಿಗೆ ಕೇಳಿ ಗೊತ್ತಿತ್ತು, ಅಷ್ಟೇ. ನಿಮಗೆ ಗೊತ್ತಿತ್ತು. ಒಬ್ಬಳು ಅಪ್ಪನನ್ನು ಹೊತ್ತು ತಂದದ್ದು ನೋಡಿದವಳು. ಇನ್ನೊಬ್ಬಳು ನನ್ನ ಬಾಯಿಗೆ ಬಟ್ಟೆ ಕೊಟ್ಟವಳು. ನೀವಿಬ್ಬರು ಕೂತು, ಬೇಕು ಅಂತಲೇ, ಒಬ್ಬ ಮನುಷ್ಯನನ್ನು ಹಿಮದಲ್ಲಿ ಅಲೆಯಲು ಬಿಟ್ಟಿರಲ್ಲ. ಥೂ! ಸಿಟ್ಟಿದ್ದರೆ ಅವನ ಮುಖಕ್ಕೆ ಉಗಿಯಿರಿ, ಪಾತ್ರೆ ಎಸೆಯಿರಿ, ಮಾತು ಬಿಡಿ. ಅಮ್ಮನ ಕೋಲಿನಿಂದ ಸುಳ್ಳು ಹೇಳಿಸಬೇಡಿ.

ಆ ಒಂದು ಸಾಲಿನ ಪತ್ರ ನನ್ನ ಜೇಬಿನಲ್ಲಿತ್ತು. ಅಳಿಯನಿಗೆ ತೋರಿಸಲಿಲ್ಲ. ಈಗ ತಾನೇ ಒಲೆಗೆ ಹಾಕಿದೆ. ಅವನ ಪತ್ರ ನಮ್ಮ ಕೈಗೆ ಬರುವಷ್ಟರಲ್ಲಿ ತಡವಾಯಿತು ಅಂತ ಹೇಳಿದ್ದೇನೆ. ಅವನು ನಂಬಿದ್ದಾನೆ. ಗಿಣಿ, ನೀನು ಬಂದ ಮೇಲೆ ನಿಜ ನೀನೇ ಹೇಳು, ಅದು ನನ್ನ ಕೆಲಸವಲ್ಲ.

ಇದನ್ನು ತರುತ್ತಿರುವವರು ಗಂಡ ಹೆಂಡತಿ, ಹೊಸಬರು. ದಾರಿಯುದ್ದಕ್ಕೂ ಜಗಳವಾಡಿಕೊಂಡು ಬಂದಿದ್ದಾರೆ. ಹೆಂಗಸಿನ ಬೂಟು ಸರಿಯಿಲ್ಲ. ಚಂದ್ರನ ಕೋಲು ಅವಳ ಕೈಯಲ್ಲಿ ಕೊಟ್ಟಿದ್ದೇನೆ. ತಲುಪಿದ ಕೂಡಲೇ ಅವಳ ಕಾಲಿಗೆ ಬಿಸಿನೀರು ಕೊಡಿ, ಕೋಲನ್ನು ಮುಂದೆ ಬರುವವರ ಕೈಯಲ್ಲಿ ಹಿಂದಕ್ಕೆ ಕಳಿಸಿ. ಇಲ್ಲಿ ಅಳಿಯ ಈಗಲೇ ಬಾಗಿಲಲ್ಲಿ ಹೋಗಿ ನಿಂತಿದ್ದಾನೆ. ಕೋಲು ಬರದಿದ್ದರೆ ನಾವಿಬ್ಬರೂ ಹೊರಡುತ್ತೇವೆ.

ನಿನ್ನ ಗಂಡ, ನಿನ್ನ ಅಣ್ಣ